ಕರಸ್ಥಲದ ಲಿಂಗವೂ ಕೇದಾರದ ಯಾತ್ರೆಯೂ

ಮಹಾಶಿವರಾತ್ರಿಯು ಬಂದಿತೆಂದರೆ ಅನೇಕ ಶಿವಭಕ್ತರ ಮನೆಗಳಲ್ಲಿ ಕೇದಾರದ ಮಾತು ಮೊದಲಾಗುವುದು. ಹಿಮಾಲಯದಲ್ಲಿ, ಮಂದಾಕಿನೀ ನದಿಯ ಉಗಮದ ಸಮೀಪದಲ್ಲಿ, ಸಮುದ್ರಮಟ್ಟದಿಂದ ಸುಮಾರು 3,580 ಮೀಟರು ಎತ್ತರದಲ್ಲಿರುವ ಆ ಶಿವಾಲಯದ ಬಾಗಿಲು ವರ್ಷದಲ್ಲಿ ಸುಮಾರು ಆರು ತಿಂಗಳು ಮಾತ್ರ ತೆರೆದಿರುತ್ತದೆ. ಬಾಗಿಲು ತೆರೆಯುವ ದಿನವನ್ನು ಶಿವರಾತ್ರಿಯಂದು ಊಖಿಮಠದ ಓಂಕಾರೇಶ್ವರ ದೇವಾಲಯದಲ್ಲಿ ಪ್ರಕಟಿಸುವುದು ವಾಡಿಕೆ. ಆ ದಿನವು ತಿಳಿದೊಡನೆ, ಇದುವರೆಗೆ ದೂರದ ಯಾತ್ರೆಯನ್ನೇ ಮಾಡದ ಗೃಹಸ್ಥನೂ ಲೆಕ್ಕಹಾಕತೊಡಗುತ್ತಾನೆ. ಯಾವ ರೈಲನ್ನು ಹಿಡಿಯಬೇಕು, ಎಷ್ಟು ಹಣ ಬೇಕು, ಎಷ್ಟು ಕಂಬಳಿ ಬೇಕು, ಜೊತೆಗೆ ಯಾರು ಬರುವರು ಎಂಬಿವೇ ಅವನ ಪ್ರಶ್ನೆಗಳು. ಇವೆಲ್ಲವೂ ಕೇಳತಕ್ಕ ಪ್ರಶ್ನೆಗಳೇ ಅಹುದು. ಆದರೆ ಲಿಂಗವಂತನಾದವನು ಇವೆಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಅಂಗದ ಮೇಲೆ ಲಿಂಗವನ್ನು ಧರಿಸಿದವನು ಯಾವುದನ್ನು ಅರಸಿ ಬೆಟ್ಟವನ್ನೇರುತ್ತಾನೆ?

ಇದು ಕೇವಲ ತರ್ಕದ ಪ್ರಶ್ನೆಯಲ್ಲ. ಗುರುವು ದೀಕ್ಷಾಕಾಲದಲ್ಲಿ ಶಿಷ್ಯನ ಕರಸ್ಥಲಕ್ಕೆ ಇಷ್ಟಲಿಂಗವನ್ನು ಅನುಗ್ರಹಿಸಿದನೆಂದರೆ, ಸರ್ವವ್ಯಾಪಕನಾದ ಪರಶಿವನನ್ನೇ ಅವನ ಅಂಗೈಗೆ ತಂದಿತ್ತನೆಂದು ಅರ್ಥ. ಅಂಥವನು ‘ಶಿವನು ಅಲ್ಲಿದ್ದಾನೆ’ ಎಂದು ಹೊರಟರೆ, ‘ಇಲ್ಲಿಲ್ಲ’ ಎಂದು ಒಪ್ಪಿದಂತಾಗಲಿಲ್ಲವೇ? ಸ್ಥಾವರವು ಅಳಿಯತಕ್ಕುದೆಂದೂ ಜಂಗಮವು ಅಳಿವಿಲ್ಲದುದೆಂದೂ ಬಸವಣ್ಣನವರು ಸಾರಿದುದು ಎಲ್ಲರೂ ಬಲ್ಲ ಸಂಗತಿ. ನದಿಯಲ್ಲಿ ಮುಳುಗಿದ ಮಾತ್ರದಿಂದ ಮನಸ್ಸಿನ ಮಲವು ಹೋಗದೆಂಬುದನ್ನು ಶರಣರು ಬಗೆಬಗೆಯಾಗಿ ಹೇಳಿದ್ದಾರೆ. ಮಾಹೇಶ್ವರ ಸ್ಥಲದಲ್ಲಿ ನಿಲ್ಲಬಯಸುವವನಿಗೆ ತನ್ನ ಇಷ್ಟಲಿಂಗದಲ್ಲಿ ಅಚಲವಾದ ನಿಷ್ಠೆಯು ವಿಧಿಸಲ್ಪಟ್ಟಿದೆ. ಹೀಗಿರಲು ಕೇದಾರಯಾತ್ರೆಯು ನಿಷ್ಠೆಗೆ ಭಂಗವೆಂದು ಕೆಲವರು ವಾದಿಸುವುದರಲ್ಲಿ ಬಲವಿಲ್ಲದಿಲ್ಲ.

ಆದರೆ ಇನ್ನೊಂದು ಪಕ್ಷವನ್ನೂ ಕೇಳತಕ್ಕುದು. ವೀರಶೈವ ಪರಂಪರೆಯ ಪಂಚಪೀಠಗಳಲ್ಲಿ ಕೇದಾರವೂ ಒಂದು. ಏಕೋರಾಮಾರಾಧ್ಯರ ಹೆಸರಿನೊಡನೆ ಕೂಡಿಬಂದಿರುವ ಆ ಪೀಠವು ಊಖಿಮಠದಲ್ಲಿದೆ. ಕೇದಾರನಾಥ ದೇವಾಲಯದ ರಾವಲರು ಕನ್ನಡನಾಡಿನ ವೀರಶೈವರೇ. ಅವರ ಅಪ್ಪಣೆಯಂತೆ ನಿತ್ಯಪೂಜೆಯನ್ನು ನಡೆಸುವ ಅರ್ಚಕರೂ ಇಲ್ಲಿಂದ ಹೋದವರೇ. ಅಷ್ಟು ದೂರದ ಹಿಮದ ನಡುವೆ ಕನ್ನಡದ ಮಾತು ಕಿವಿಗೆ ಬೀಳುವುದು ಆ ಕ್ಷೇತ್ರದ ಒಂದು ವೈಶಿಷ್ಟ್ಯ. ಇನ್ನು ಶರಣರ ಚರಿತ್ರೆಯನ್ನು ನೋಡಿದರೆ, ಅಲ್ಲಮಪ್ರಭುಗಳೂ ಅಕ್ಕಮಹಾದೇವಿಯವರೂ ಶ್ರೀಶೈಲದ ಗಿರಿಯನ್ನು ಸೇರಿದವರು. ಇಂದಿಗೂ ಉತ್ತರ ಕರ್ನಾಟಕದ ಸಾವಿರಾರು ಭಕ್ತರು ಯುಗಾದಿಯ ಕಾಲಕ್ಕೆ ಕಂಬಿಯನ್ನು ಹೊತ್ತು, ಉರಿಬಿಸಿಲಿನಲ್ಲಿ ನಡೆದು, ನಲ್ಲಮಲೆಯ ಕಾಡನ್ನು ದಾಟಿ ಮಲ್ಲಯ್ಯನನ್ನು ಕಾಣುತ್ತಾರೆ. ಇವರೆಲ್ಲರೂ ನಿಷ್ಠೆಗೆಟ್ಟವರೆನ್ನಲು ಯಾವ ನಾಲಗೆ ಏಳುವುದು?

ಎರಡು ಪಕ್ಷಗಳಿಗೂ ಸಮಾಧಾನವು ‘ತೀರ್ಥ’ವೆಂಬ ಮಾತಿನಲ್ಲಿಯೇ ಅಡಗಿದೆ. ದಾಟು ಎಂಬ ಅರ್ಥದ ‘ತೄ’ ಧಾತುವಿನಿಂದ ಆ ಶಬ್ದವು ಹುಟ್ಟಿತು. ಯಾವುದರಿಂದ ದಾಟುವೆವೋ ಅದು ತೀರ್ಥ. ಹೊಳೆಯಲ್ಲಿ ಆಳ ಕಡಮೆಯಿರುವ, ಕಾಲೂರಿ ಆಚೆಯ ದಡವನ್ನು ಸೇರಬಹುದಾದ ಸ್ಥಳವೇ ಮೂಲತಃ ತೀರ್ಥ. ಆದುದರಿಂದ ದಾಟದೆ ಹಿಂದಿರುಗಿದವನು ಎಷ್ಟು ದೂರ ನಡೆದಿದ್ದರೂ ತೀರ್ಥವನ್ನು ಕಂಡವನಲ್ಲ. ದಾಟಿದವನು ಮನೆಯ ಹೊಸ್ತಿಲಲ್ಲಿಯೇ ಇದ್ದರೂ ತೀರ್ಥವನ್ನು ಕಂಡವನೇ. ಹೋಗುವುದು ತಪ್ಪೋ ಸರಿಯೋ ಎಂಬುದಕ್ಕಿಂತ, ಏನನ್ನು ದಾಟಲು ಹೋಗುತ್ತಾನೆಂಬುದೇ ವಿಚಾರಣೀಯ.

ಮೋಳಿಗೆಯ ಮಾರಯ್ಯನ ಚರಿತ್ರೆಯನ್ನು ಇಲ್ಲಿ ನೆನೆಯಬೇಕು. ಪರಂಪರೆಯ ಪ್ರಕಾರ ಅವನು ಕಾಶ್ಮೀರದ ಅರಸು. ಹಿಮವತ್ಪರ್ವತದ ನೆರಳಿನಲ್ಲಿಯೇ ಬಾಳುತ್ತಿದ್ದವನು ಅದನ್ನು ಬಿಟ್ಟು, ಮಡದಿ ಮಹಾದೇವಿಯೊಡನೆ ಬಯಲುಸೀಮೆಯ ಕಲ್ಯಾಣಕ್ಕೆ ಬಂದು, ಸೌದೆಯ ಹೊರೆಯನ್ನು ಮಾರಿ ಜಂಗಮದಾಸೋಹವನ್ನು ನಡೆಸಿದನು. ಇಂದಿನ ಭಕ್ತನು ಕಲ್ಯಾಣದ ನಾಡಿನಿಂದ ಹಿಮಾಲಯಕ್ಕೆ ಹೊರಡುತ್ತಾನೆ. ಅಂದಿನ ಅರಸನು ಹಿಮಾಲಯದಿಂದ ಕಲ್ಯಾಣಕ್ಕೆ ಇಳಿದನು. ಇಬ್ಬರಲ್ಲಿ ಯಾರದು ಯಾತ್ರೆ? ಮಾರಯ್ಯನು ದಾಟಿದುದು ನದಿ ಪರ್ವತಗಳನ್ನಲ್ಲ, ಅರಸುತನದ ಅಭಿಮಾನವನ್ನು. ಕಲ್ಯಾಣವನ್ನು ಕ್ಷೇತ್ರವಾಗಿ ಮಾಡಿದುದು ಅಲ್ಲಿಯ ಕಲ್ಲಲ್ಲ, ಅಲ್ಲಿ ದುಡಿದು ಹಂಚಿಕೊಂಡು ಉಂಡವರ ಬಾಳುವೆ. ಕೇದಾರಕ್ಕೆ ಹೋಗುವವನು ಬಿಟ್ಟುಬರಲು ತನ್ನಲ್ಲಿ ಏನಿದೆಯೆಂದು ಮೊದಲು ನೋಡಿಕೊಂಡರೆ ಯಾತ್ರೆಗೆ ಅರ್ಥವು ಬರುವುದು.

ಹಾಗಾದರೆ ಯಾತ್ರೆಯ ಸಿದ್ಧತೆಯು ಸಂಕಲ್ಪದ ಶೋಧನೆಯಿಂದ ಮೊದಲಾಗಬೇಕು. ‘ಮಗನಿಗೆ ಉದ್ಯೋಗವಾದರೆ ಬರುತ್ತೇನೆ, ವ್ಯಾಜ್ಯದಲ್ಲಿ ಗೆದ್ದರೆ ಬರುತ್ತೇನೆ’ ಎಂದು ಹರಕೆ ಹೊತ್ತವನು ಶಿವನೊಡನೆ ವ್ಯಾಪಾರಕ್ಕಿಳಿದವನು. ಕೊಟ್ಟರೆ ಕೊಡುವೆನೆಂಬುದು ಸಂತೆಯ ನಡೆ, ಭಕ್ತಿಯ ನಡೆಯಲ್ಲ. ಇಷ್ಟಲಿಂಗವನ್ನು ಪಡೆದವನಿಗೆ ಸ್ಥಾವರಲಿಂಗದ ಮುಂದೆ ಬೇಡಬೇಕಾದುದೇನೂ ಉಳಿದಿಲ್ಲ. ಅವನು ಅಲ್ಲಿಗೆ ಹೋಗುವುದಾದರೆ ಬೇಡುವವನಾಗಿ ಅಲ್ಲ, ನೆನೆಯುವವನಾಗಿ ಹೋಗಬೇಕು. ಎಷ್ಟೋ ತಲೆಮಾರುಗಳ ಭಕ್ತರು ನಡೆದ ದಾರಿಯಲ್ಲಿ ತಾನೂ ನಡೆದು, ಪೂರ್ವಾಚಾರ್ಯರ ಸ್ಥಾನಕ್ಕೆ ತಲೆಬಾಗಿ, ಪರ್ವತದ ಎದುರಿನಲ್ಲಿ ತನ್ನ ಅಲ್ಪತೆಯನ್ನು ಅರಿತು ಬರುವುದು ಭಕ್ತನಿಗೆ ತಕ್ಕ ಕಾರಣ. ಇದರಿಂದ ಕರಸ್ಥಲದ ಲಿಂಗಕ್ಕೆ ಕುಂದೇನೂ ಇಲ್ಲ.

ಸಂಕಲ್ಪದ ತರುವಾಯ ಹಣದ ವಿಚಾರ. ಶರಣರ ಮಾರ್ಗದಲ್ಲಿ ಇದು ಗೌಣವಾದುದಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಮಡದಿ ಲಕ್ಕಮ್ಮನು ಆ ಹೆಚ್ಚಳವನ್ನು ಮನೆಯೊಳಗೆ ಸೇರಿಸದೆ, ಮರಳಿ ಅಲ್ಲಿಯೇ ಸುರಿದು ಬರಲು ಹೇಳಿದಳು. ದಾಸೋಹಕ್ಕೆಂದು ತಂದ ಅಕ್ಕಿಯೂ ಕಾಯಕದ ಅಳತೆಯನ್ನು ಮೀರಿದ್ದರೆ ಸಲ್ಲದೆಂಬುದು ಆಕೆಯ ತೀರ್ಮಾನ. ದಾಸೋಹಕ್ಕೇ ಈ ನಿಯಮವಾದರೆ ಯಾತ್ರೆಗೆ ಬೇರೆ ನಿಯಮವುಂಟೇ?

ಒಂದು ಪೇಟೆಯ ಊರಿನ ಅಂಗಡಿಕಾರನೊಬ್ಬನನ್ನು ಭಾವಿಸಿಕೊಳ್ಳಬಹುದು. ಅವನು ಸಜ್ಜನ, ನಿತ್ಯ ಲಿಂಗಪೂಜೆಯನ್ನು ತಪ್ಪಿಸದವನು. ಕೇದಾರಕ್ಕೆಂದು ಮೂರು ವರ್ಷ ಹಣವನ್ನು ಕೂಡಿಟ್ಟಿದ್ದಾನೆ. ಆದರೆ ಅವನ ಅಂಗಡಿಯ ಆಳಿಗೆ ಎರಡು ತಿಂಗಳ ಸಂಬಳ ಬಾಕಿಯಿದೆ. ತಂಗಿಯ ಮನೆಯಿಂದ ತಂದ ಕೈಗಡವು ಹಾಗೆಯೇ ಉಳಿದಿದೆ. ‘ಸಾವಕಾರ್ರೇ, ಮಗಳ ಶಾಲೆಯ ಹಣ ಕಟ್ಟಬೇಕಾಗಿತ್ತು’ ಎಂದು ಆಳು ಅಂಜುತ್ತ ನೆನಪಿಸಿದರೆ, ‘ಯಾತ್ರೆ ಮುಗಿಸಿ ಬಂದ ಮೇಲೆ ನೋಡೋಣ’ ಎನ್ನುತ್ತಾನೆ. ಈ ಗೃಹಸ್ಥನು ಯಾರ ಹಣದಿಂದ ಕೇದಾರಕ್ಕೆ ಹೋಗುತ್ತಿದ್ದಾನೆ? ಪೆಟ್ಟಿಗೆಯಲ್ಲಿರುವುದೆಲ್ಲವೂ ತನ್ನದೆಂದು ಅವನು ತಿಳಿದಿದ್ದಾನೆ. ಅದರಲ್ಲಿ ಆಳಿನ ಬೆವರೂ ತಂಗಿಯ ವಿಶ್ವಾಸವೂ ಇವೆ. ಅವನು ಬೆಟ್ಟವನ್ನೇರಿದರೆ ಪುಣ್ಯವು ಬರುವುದೆಂದೇ ಇಟ್ಟುಕೊಂಡರೂ, ಅದು ಆ ಆಳಿನ ಮನೆಗೆ ಹೋಗಬೇಕಾದ ಪುಣ್ಯ. ಮೊದಲು ಸಾಲವನ್ನು ತೀರಿಸಿ, ಸಂಬಳವನ್ನು ಸಲ್ಲಿಸಿ, ಉಳಿದುದು ಸಾಲದಿದ್ದರೆ ಇನ್ನೆರಡು ವರ್ಷ ಕಾಯುವುದೇ ಅವನಿಗೆ ವಿಹಿತವಾದ ಮಾರ್ಗ. ಆ ಎರಡು ವರ್ಷಗಳ ಕಾಯುವಿಕೆಯೇ ಅವನ ಯಾತ್ರೆಯ ಮೊದಲ ಮಜಲು. ಬಹುಶಃ ಅತ್ಯಂತ ಕಡಿದಾದ ಏರು ಕೂಡ ಅದೇ.

ಅದೇ ಮನೆಯಲ್ಲಿ ಮುಪ್ಪಿನ ತಾಯಿಯೂ ಇದ್ದಾಳೆಂದು ಭಾವಿಸಿರಿ. ಮಗನು ಅಪ್ಪಣೆ ಕೇಳಿದರೆ ‘ಹೋಗಿ ಬಾರಪ್ಪಾ, ನನ್ನ ಚಿಂತೆ ಬೇಡ’ ಎನ್ನುತ್ತಾಳೆ. ಯಾವ ತಾಯಿ ತಾನೇ ಬೇಡವೆಂದಾಳು? ಬೇಡವೆನ್ನಲಾರದವರ ಒಪ್ಪಿಗೆಯನ್ನು ಒಪ್ಪಿಗೆಯೆಂದು ಎಣಿಸುವುದು ಸುಲಭ, ನ್ಯಾಯವಲ್ಲ. ಹದಿನೈದು ದಿನ ಅವಳ ಔಷಧವನ್ನು ಯಾರು ಕೊಡುವರು, ರಾತ್ರಿ ಕೂಗಿದರೆ ಯಾರು ಏಳುವರು ಎಂಬುದಕ್ಕೆ ಖಚಿತವಾದ ಏರ್ಪಾಡಿಲ್ಲದೆ ಹೊರಡುವುದು ಭಕ್ತಾಚಾರವಲ್ಲ. ಆ ಏರ್ಪಾಡು ಎಂದರೆ ಮಡದಿಯೇ ಎಂದು ತಿಳಿಯುವವರೂ ಉಂಟು. ಗಂಡನು ದರ್ಶನಕ್ಕೆ ಹೋಗಲಿ, ಹೆಂಡತಿಯು ಮನೆಯನ್ನು ಕಾಯಲಿ ಎಂಬ ಕಟ್ಟಳೆಯನ್ನು ಶರಣರು ಮಾಡಲಿಲ್ಲ. ಲಿಂಗದೀಕ್ಷೆಯು ಸ್ತ್ರೀಗೂ ಸಮಾನವಾಗಿ ಸಂದಿದೆ. ಗಿರಿಯನ್ನರಸಿ ಒಬ್ಬಳೇ ಹೋದ ಅಕ್ಕನ ಪರಂಪರೆಯಲ್ಲಿ ಮಡದಿಯ ಬಯಕೆಯನ್ನು ಕೇಳದೆ ಯಾತ್ರೆಯನ್ನು ನಿಶ್ಚಯಿಸುವುದು ಅಸಂಗತ.

ಹತ್ತಲಾರದ ತಾಯಿಗೂ ದಾರಿಯಿಲ್ಲದಿಲ್ಲ. ದೀಪಾವಳಿಯಾದ ಮೇಲೆ ಯಮದ್ವಿತೀಯೆಯಂದು ಕೇದಾರದ ಬಾಗಿಲನ್ನು ಮುಚ್ಚಿದಾಗ, ಉತ್ಸವಮೂರ್ತಿಯು ಬೆಟ್ಟವನ್ನಿಳಿದು ಊಖಿಮಠಕ್ಕೆ ಬರುವುದು. ಚಳಿಗಾಲದ ಪೂಜೆಯೆಲ್ಲವೂ ಅಲ್ಲಿಯ ಓಂಕಾರೇಶ್ವರ ದೇವಾಲಯದಲ್ಲಿ ನಡೆಯುವುದು. ಅಲ್ಲಿಯವರೆಗೆ ರಸ್ತೆಯಿದೆ. ಏರಲಾರದವರಿಗಾಗಿ ದೇವನೇ ಇಳಿದುಬರುವ ಈ ಸಂಪ್ರದಾಯದಲ್ಲಿ ಎಂಥ ಕರುಣೆಯಿದೆಯೆಂಬುದನ್ನು ಭಕ್ತರು ಗಮನಿಸಬೇಕು. ತಾಯಿಯನ್ನು ಬಿಟ್ಟು ಮೇಲಕ್ಕೆ ಹೋಗುವುದಕ್ಕಿಂತ, ತಾಯಿಯೊಡನೆ ಕೆಳಗೆ ನಿಂತು ಕೈಮುಗಿಯುವುದು ಕಡಮೆಯ ದರ್ಶನವೆಂದು ಹೇಳಬಲ್ಲವರು ಯಾರು?

ಇನ್ನು ದೇಹದ ವಿಚಾರ. ಶರಣರು ದೇಹವನ್ನು ತುಚ್ಛವೆಂದು ಎಣಿಸಲಿಲ್ಲ. ಲಿಂಗಕ್ಕೆ ಆಶ್ರಯವಾದುದರಿಂದ ಅದನ್ನು ಆಲಯವೆಂದೇ ಬಗೆದರು. ಗೌರೀಕುಂಡದಿಂದ ಕೇದಾರಕ್ಕೆ ಸುಮಾರು 16 ಕಿಲೋಮೀಟರು ಕಾಲ್ದಾರಿ. ಗೌರೀಕುಂಡವಿರುವುದು ಸುಮಾರು 2,000 ಮೀಟರು ಎತ್ತರದಲ್ಲಿ; ಅಂದರೆ ಒಂದೇ ಹಗಲಿನಲ್ಲಿ ಸುಮಾರು 1,600 ಮೀಟರು ಏರಬೇಕು. 2,500 ಮೀಟರಿನಿಂದ ಮೇಲೆ ಗಾಳಿಯು ತೆಳುವಾದಂತೆ ಬಯಲುನಾಡಿನವರಿಗೆ ತಲೆನೋವು, ವಾಕರಿಕೆ, ಏದುಸಿರು ತೋರಬಹುದು. ಅದು ಹೆಚ್ಚಿದಾಗ ಮೇಲಕ್ಕೆ ಹೋಗದೆ ಕೆಳಕ್ಕಿಳಿಯುವುದೇ ಮುಖ್ಯವಾದ ಚಿಕಿತ್ಸೆ. ಆದುದರಿಂದ ಮೊದಲ ಸಲ ಹೋಗುವವನು ಎರಡು ತಿಂಗಳ ಮುಂಚಿನಿಂದಲೇ ದಿನವೂ ನಡೆಯುವ ಅಭ್ಯಾಸವನ್ನು ಮಾಡಬೇಕು. ಹೃದಯರೋಗ, ರಕ್ತದೊತ್ತಡ, ಉಬ್ಬಸವುಳ್ಳವರು ವೈದ್ಯರನ್ನು ಕಾಣಬೇಕು. ದಾರಿಯಲ್ಲಿ ಗುಪ್ತಕಾಶಿಯಲ್ಲಿಯೋ ಊಖಿಮಠದಲ್ಲಿಯೋ ಒಂದೆರಡು ರಾತ್ರಿ ತಂಗಬೇಕು. ಸರಕಾರವು ಕಡ್ಡಾಯ ಮಾಡಿರುವ ನೋಂದಣಿಯನ್ನು ಮುಂಚೆಯೇ ಮಾಡಿಸಬೇಕು. ಬೆಟ್ಟ ಕುಸಿಯುವ ಮಳೆಗಾಲವನ್ನು ಬಿಟ್ಟು ವೈಶಾಖ ಜ್ಯೇಷ್ಠಗಳನ್ನಾಗಲಿ ಆಶ್ವಯುಜವನ್ನಾಗಲಿ ಆರಿಸಬೇಕು. ‘ಶಿವನು ಕರೆದೊಯ್ಯುವನು’ ಎಂದು ಇವನ್ನೆಲ್ಲ ಕಡೆಗಣಿಸುವುದು ಭಕ್ತಿಯಲ್ಲ, ಅಲಕ್ಷ್ಯ. ಅರ್ಧದಾರಿಯಲ್ಲಿ ಉಸಿರು ಕಟ್ಟಿದಾಗ ‘ಇಷ್ಟು ದೂರ ಬಂದು ಹಿಂದಿರುಗುವುದೇ?’ ಎಂದು ಹಟ ಹಿಡಿಯುವ ಮನಸ್ಸು ಯಾವುದೆಂದು ನೋಡಿಕೊಂಡರೆ, ಅದು ಶಿವನನ್ನು ಬಯಸುವ ಮನಸ್ಸಲ್ಲ, ಗೆಲ್ಲಬಯಸುವ ಮನಸ್ಸು. ಹಿಂದಿರುಗಬಲ್ಲವನೇ ದಾಟಿದವನು.

ನಡೆಯಲಾರದವರಿಗೆ ಕುದುರೆ, ಹೇಸರಗತ್ತೆ, ನಾಲ್ವರು ಹೊರುವ ಡೋಲಿ, ಒಬ್ಬನೇ ಬೆನ್ನ ಮೇಲೆ ಹೊರುವ ಕಂಡಿಯೆಂಬ ಬುಟ್ಟಿ ದೊರೆಯುವುವು. ಇಲ್ಲಿ ಧರ್ಮಸೂಕ್ಷ್ಮವೊಂದಿದೆ. 2022ನೆಯ ವರ್ಷದ ಯಾತ್ರಾಕಾಲದಲ್ಲಿ ಈ ದಾರಿಯಲ್ಲಿ ನೂರಕ್ಕೂ ಹೆಚ್ಚು ಕುದುರೆ ಹೇಸರಗತ್ತೆಗಳು ಸತ್ತುವು. ವಿಶ್ರಾಂತಿಯಿಲ್ಲದ ದುಡಿಮೆ ಅದಕ್ಕೊಂದು ಕಾರಣ. ದಯೆಯೇ ಧರ್ಮದ ಬೇರೆಂದು ಬಾಲ್ಯದಿಂದ ಕೇಳಿದವನು ಕುಂಟುವ ಪ್ರಾಣಿಯ ಬೆನ್ನನ್ನೇರಿ ಶಿವನ ಬಳಿಗೆ ಹೋಗಬಹುದೇ? ಹೊರುವ ಮನುಷ್ಯನ ವಿಚಾರವು ಇನ್ನೂ ಗಹನ. ನೇಪಾಳದಿಂದಲೂ ಸುತ್ತಲ ಹಳ್ಳಿಗಳಿಂದಲೂ ಬಂದ ಆ ಬಡವರಿಗೆ ಆರು ತಿಂಗಳ ಈ ದುಡಿಮೆಯೇ ವರ್ಷದ ಅನ್ನ. ಹೊರಿಸಿಕೊಳ್ಳಲೇಬಾರದೆಂದರೆ ಅವರ ಕಾಯಕವನ್ನು ಕಿತ್ತುಕೊಂಡಂತೆ. ಚೌಕಾಸಿ ಮಾಡಿ ಕೂಲಿಯನ್ನು ಹಿಂಡಿದರೆ ಆ ಕಾಯಕವನ್ನು ಅವಮಾನಿಸಿದಂತೆ. ಅಶಕ್ತನು ಮಾತ್ರ ಏರಲಿ, ಶಕ್ತನು ನಡೆಯಲಿ. ಏರಿದವನು ಪೂರ್ಣ ಕೂಲಿಯನ್ನು ಕೊಡಲಿ, ಅವರ ದಣಿವಿಗೆ ತಾನು ನಿಲ್ಲಲಿ, ತಾನು ಉಣ್ಣುವಾಗ ಅವರನ್ನೂ ಉಣ್ಣಿಸಲಿ. ಜಂಗಮವೆಂಬ ಪೂಜ್ಯಪದವನ್ನು ಕಂಡಕಂಡೆಡೆಯಲ್ಲಿ ಬಳಸಲಾಗದು. ಆದರೂ ಸ್ಥಾವರವನ್ನು ಕಾಣುವ ಆತುರದಲ್ಲಿ, ತನ್ನನ್ನೇ ಹೊತ್ತು ನಡೆಯುವ ಚೈತನ್ಯವನ್ನು ಕಾಣದವನಿಗೆ ಬಸವಣ್ಣನವರ ಮಾತು ಅರ್ಥವಾಗಿದೆಯೆಂದು ಹೇಳುವುದು ಕಷ್ಟ.

2013ನೆಯ ಜೂನ್ 16 ಮತ್ತು 17ರಂದು ಆದ ಅನಾಹುತವನ್ನು ಮರೆಯಲಾಗದು. ಎಡೆಬಿಡದ ಮಳೆಯಿಂದ, ಕೇದಾರದ ಮೇಲ್ಗಡೆಯ ಚೋರಾಬಾರಿ ಸರೋವರವು ಒಡೆದು, ಮಂದಾಕಿನಿಯು ಬಂಡೆಗಳನ್ನು ಹೊತ್ತು ನುಗ್ಗಿತು. ದಾರಿಯ ರಾಮಬಾಡಾ ಎಂಬ ತಂಗುದಾಣವು ಹೇಳಹೆಸರಿಲ್ಲದಂತಾಯಿತು. ಉತ್ತರಾಖಂಡದಲ್ಲಿ ಸಾವಿರಾರು ಜನರು ಮಡಿದರು ಇಲ್ಲವೆ ಕಾಣೆಯಾದರು. ದೇವಾಲಯದ ಹಿಂದೆ ಉರುಳಿಬಂದು ನಿಂತ ಹೆಬ್ಬಂಡೆಯೊಂದು ಪ್ರವಾಹವನ್ನು ಇಬ್ಬಗೆಯಾಗಿ ಸೀಳಿ, ಗುಡಿಯು ಉಳಿಯಿತು. ಗುಡಿಯು ಉಳಿದುದನ್ನು ಪವಾಡವೆಂದು ಕೊಂಡಾಡುವವರು ಒಂದು ಮಾತನ್ನು ಯೋಚಿಸಬೇಕು: ಕೊಚ್ಚಿಹೋದವರೂ ಭಕ್ತರೇ ಆಗಿದ್ದರು. ಅವರಲ್ಲಿ ಎಳೆಯ ಮಕ್ಕಳಿದ್ದರು, ಜೀವಮಾನವೆಲ್ಲ ಕೂಡಿಟ್ಟು ಬಂದ ವೃದ್ಧರಿದ್ದರು. ಬದುಕಿ ಬಂದವನು ತನ್ನ ಪುಣ್ಯದಿಂದ ಬದುಕಿದೆನೆಂದರೆ, ಸತ್ತವರು ಪಾಪಿಗಳೆಂದು ಹೇಳಿದಂತಾಗುವುದು. ಅಂಥ ಮಾತು ಲಿಂಗವಂತನ ಬಾಯಿಂದ ಬರತಕ್ಕುದಲ್ಲ. ನದಿಯ ಪಾತ್ರದಲ್ಲಿ ಮನೆಗಳನ್ನು ಕಟ್ಟಿ, ಬೆಟ್ಟವು ತಾಳಲಾರದಷ್ಟು ಹೊರೆಯನ್ನು ಅದರ ಮೇಲೆ ಹೇರಿದ ಮನುಷ್ಯರ ಆಸೆಯೂ ಆ ಅನಾಹುತವನ್ನು ಹೆಚ್ಚಿಸಿತು. ತಾನು ಎಸೆಯುವ ಕಸ, ತಾನು ಬಯಸುವ ಸುಖಸೌಕರ್ಯ ಇವುಗಳಿಗೂ ಅದರಲ್ಲಿ ಪಾಲಿದೆಯೆಂದು ಯಾತ್ರಿಕನು ತಿಳಿಯಬೇಕು.

ದಾರಿಯುದ್ದಕ್ಕೂ ಇಷ್ಟಲಿಂಗಪೂಜೆಯು ನಿಲ್ಲತಕ್ಕುದಲ್ಲ. ರೈಲಿನಲ್ಲಾಗಲಿ ಧರ್ಮಶಾಲೆಯಲ್ಲಾಗಲಿ, ನೀರು ದೊರೆತಷ್ಟರಿಂದ, ವಿಭೂತಿ ರುದ್ರಾಕ್ಷಿ ಪಂಚಾಕ್ಷರಿಗಳೊಡನೆ ಪೂಜೆಯನ್ನು ಸಲ್ಲಿಸಬೇಕು. ಕೇದಾರದ ದರ್ಶನಕ್ಕಾಗಿ ಕರಸ್ಥಲದ ಪೂಜೆಯನ್ನು ಬಿಟ್ಟವನು ಮೂಲವನ್ನು ಮಾರಿ ಬಡ್ಡಿಯನ್ನು ಕೊಂಡವನು. ಕೊನೆಗೆ ಗರ್ಭಗುಡಿಯಲ್ಲಿ, ಯಾವ ಶಿಲ್ಪಿಯೂ ಕಡೆಯದ ಆ ತ್ರಿಕೋಣಾಕೃತಿಯ ಶಿಲೆಯ ಮುಂದೆ ನಿಂತಾಗ ಏನು ಮಾಡಬೇಕು? ನೂಕುನುಗ್ಗಲಿನಲ್ಲಿ ದೊರೆಯುವುದು ಕೆಲವೇ ಕ್ಷಣ. ಆ ಕ್ಷಣದಲ್ಲಿ ಎದೆಯ ಮೇಲಿನ ಲಿಂಗದ ನೆನಹಾದರೆ, ಹೊರಗಿನ ಮಹತ್ತೂ ಅಂಗೈಯ ಕಿರಿದೂ ಒಂದೇ ಎಂಬ ಅರಿವು ಮಿಂಚಿದರೆ, ಯಾತ್ರೆಯು ಫಲಿಸಿತು. ಅಲ್ಲಿಯ ಲಿಂಗವು ಇಲ್ಲಿಯ ಲಿಂಗವನ್ನು ತೋರಿಸಿಕೊಡುವ ಕನ್ನಡಿಯಾಯಿತೇ ಹೊರತು ಅದಕ್ಕೆ ಎದುರಾಳಿಯಾಗಲಿಲ್ಲ.

ಇಷ್ಟನ್ನು ಹೇಳಿದ ಮೇಲೆ, ಹೋಗದವರ ವಿಚಾರವನ್ನೂ ಹೇಳದಿದ್ದರೆ ಪಕ್ಷಪಾತವಾಗುವುದು. ‘ಕೊರಳಲ್ಲಿ ಲಿಂಗವಿದೆ, ಕೇದಾರವೇಕೆ?’ ಎಂದು ಕೇಳುವವರೆಲ್ಲರೂ ನಿಷ್ಠಾವಂತರೆಂದು ತಿಳಿಯಲಾಗದು. ಕೆಲವರಿಗೆ ಶರಣರ ಮಾತು ಜಿಪುಣತನಕ್ಕೆ ಹೊದೆಸಿದ ಶಾಲು. ಯಾತ್ರೆಯ ಹಣವನ್ನು ಉಳಿಸಿದವನು ಅದನ್ನು ಎಲ್ಲಿ ವೆಚ್ಚಮಾಡಿದನು? ಜಂಗಮಕ್ಕೆ ನೀಡಿದನೇ, ಬಡ ವಿದ್ಯಾರ್ಥಿಯ ಊಟಕ್ಕೆ ಕೊಟ್ಟನೇ, ಆಳಿನ ಸಂಬಳವನ್ನು ಹೆಚ್ಚಿಸಿದನೇ? ಇದೊಂದನ್ನೂ ಮಾಡದೆ ಬಡ್ಡಿಗೆ ಬಿಟ್ಟನಾದರೆ, ಅವನು ಬೆಟ್ಟವನ್ನೂ ಏರಲಿಲ್ಲ, ಮನೆಯಲ್ಲಿಯೂ ದಾಟಲಿಲ್ಲ. ನುಲಿಯ ಚಂದಯ್ಯನ ಕರಸ್ಥಲದ ಲಿಂಗವು ಹುಲ್ಲು ಕೊಯ್ಯುವಾಗ ಕೆರೆಯ ನೀರಿಗೆ ಬಿದ್ದಿತೆಂದೂ, ಅವನು ಕಾಯಕವನ್ನು ಬಿಡದೆ ನಡೆದನೆಂದೂ, ಲಿಂಗವೇ ಅವನನ್ನು ಹಿಂಬಾಲಿಸಿತೆಂದೂ ಕಥೆಯಿದೆ. ದಾಸೋಹದ ಹೊಣೆ ಅಷ್ಟು ದೊಡ್ಡದು. ಆ ಹೊಣೆಯನ್ನು ಹೊತ್ತವನಿಗೆ ಮಾತ್ರ ‘ನನಗೆ ಕೇದಾರವು ಬೇಡ’ ಎನ್ನುವ ಅಧಿಕಾರವುಂಟು.

ಹೋಗಿ ಬಂದವನಿಗೂ ಒಂದು ಕಡೆಯ ಪರೀಕ್ಷೆಯಿದೆ. ‘ಕೇದಾರಕ್ಕೆ ಹೋಗಿಬಂದವನು’ ಎಂಬ ಹೆಸರು ಹೊಸದೊಂದು ಅಭಿಮಾನವಾಗಿ ಬೆಳೆದರೆ, ಬಿಟ್ಟುಬರಲು ಹೋದುದನ್ನೇ ಹೊತ್ತು ತಂದಂತಾಯಿತು. ಊರಿಗೆ ಮರಳಿದ ಮರುದಿನ ಅವನು ಅಂಗಡಿಯ ಬಾಗಿಲನ್ನು ಹೇಗೆ ತೆರೆಯುತ್ತಾನೆ, ಆಳನ್ನು ಯಾವ ದನಿಯಿಂದ ಕರೆಯುತ್ತಾನೆ, ತಕ್ಕಡಿಯನ್ನು ಹೇಗೆ ಹಿಡಿಯುತ್ತಾನೆ, ತಾಯಿಯ ಬಳಿ ಎಷ್ಟು ಹೊತ್ತು ಕುಳಿತುಕೊಳ್ಳುತ್ತಾನೆ ಎಂಬುದರಲ್ಲಿ ಅವನ ದರ್ಶನದ ಅಳತೆಯಿದೆ. ಹೋಗುವವರ ದಾರಿಯು ನಿರ್ಮಲವಾಗಲಿ, ಇರುವವರ ಮನೆಯು ದಾಸೋಹದ ನೆಲೆಯಾಗಲಿ, ಕರಸ್ಥಲದ ಲಿಂಗವು ಉಭಯರನ್ನೂ ದಾಟಿಸಲಿ. ಸರ್ವರಿಗೂ ಶಿವಮಂಗಳವಾಗಲಿ.